ಕೊಡಗಿನ ಮಳೆಗಾಲದಲ್ಲಿ ವಾಟ್ಸಾಪ್: ಐದಕ್ಕೆ ಮೂರು ನಕ್ಷತ್ರ

ವಾಟ್ಸಾಪ್ ಬಗ್ಗೆ ಅಭಿಪ್ರಾಯ ಬರೆಯುವವರು ಸಾಮಾನ್ಯವಾಗಿ ಕರೆಯ ಸ್ಪಷ್ಟತೆ, ಸ್ಟೇಟಸ್, ಬ್ಯಾಕಪ್ ಇಂಥವನ್ನು ನೋಡುತ್ತಾರೆ. ನಾನು ನೋಡಿರುವುದು ಬೇರೆ: ಬರೆ (ಗುಡ್ಡದ ಕಡಿದಾದ ಬದಿ) ಕುಸಿದ ದಿನ, ಹೊಳೆ ಉಕ್ಕಿದ ರಾತ್ರಿ ಇದು ಜನರ ಕೈಯಲ್ಲಿ ಎಷ್ಟು ಕೆಲಸಕ್ಕೆ ಬಂತು ಎಂಬುದನ್ನು. ನಾನು ಮಡಿಕೇರಿ ಮತ್ತು ಸೋಮವಾರಪೇಟೆಯ ನಡುವಿನ ಒಂದು ಗ್ರಾಮ ಪಂಚಾಯಿತಿಯ ಗ್ರಂಥಾಲಯದ ಮೇಲ್ವಿಚಾರಕಿ. ಅದಕ್ಕೆ ಈಗ ಅರಿವು ಕೇಂದ್ರ ಎಂಬ ಹೆಸರಿದೆ. 2018ರ ಆಗಸ್ಟ್‌ನಲ್ಲಿ ನಮ್ಮ ಕಡೆಯ ಒಂದು ಪರಿಹಾರ ಕೇಂದ್ರದಲ್ಲಿ ಬಂದವರ ಹೆಸರು ಬರೆದುಕೊಳ್ಳಲು ಕುಳಿತವಳು, ಅಲ್ಲಿಂದೀಚೆಗೆ ಪ್ರತಿ ಮಳೆಗಾಲವೂ ಊರಿನ ಗುಂಪಿನ ಅಡ್ಮಿನ್ ಕೆಲಸ ಮಾಡುತ್ತಿದ್ದೇನೆ. ಪುಸ್ತಕ ಒಳಗೆ ಬಂದರೂ ಹೊರಗೆ ಹೋದರೂ ದಿನಾಂಕದ ಮೊಹರು ಹಾಕುವುದು ನನ್ನ ಕಸುಬು. ವಾಟ್ಸಾಪ್ ಬಗೆಗಿನ ನನ್ನ ಮೆಚ್ಚುಗೆಯೂ ದೂರೂ ಆ ಕಸುಬಿನಿಂದಲೇ ಬಂದವು.

ಮೊದಲು ಮೆಚ್ಚುಗೆ. ಆ ವರ್ಷ ಆಗಸ್ಟ್ ಮಧ್ಯದಲ್ಲಿ ಮಕ್ಕಂದೂರು, ಮುಕ್ಕೋಡ್ಲು, ಕಾಲೂರು, ಹಟ್ಟಿಹೊಳೆ, ಜೋಡುಪಾಲ ಎಲ್ಲ ಕಡೆ ಗುಡ್ಡಗಳು ಒಂದರ ಹಿಂದೆ ಒಂದು ಜಾರಿದವು. ಮಡಿಕೇರಿಯಿಂದ ಸಂಪಾಜೆಗೆ ಇಳಿಯುವ ಹೆದ್ದಾರಿಯೇ ಹಲವು ಕಡೆ ಇಲ್ಲವಾಯಿತು. ತೋಟಗಳ ಒಳಗೆ ಮನೆಗೆ ನಂಬರ್ ಇಲ್ಲ, ಬೀದಿಗೆ ಹೆಸರಿಲ್ಲ. ‘ದೇವಸ್ಥಾನ ದಾಟಿ ಎಡಕ್ಕೆ, ಗದ್ದೆ ಬದಿಯ ಹೆಂಚಿನ ಮನೆ’ ಎಂದು ವಿಳಾಸ ಹೇಳಿದರೆ, ಆ ಗದ್ದೆಯೇ ಮಣ್ಣಿನ ಅಡಿಗೆ ಹೋಗಿರುವಾಗ ಹೊರಗಿನಿಂದ ಬಂದ ರಕ್ಷಣಾ ತಂಡಕ್ಕೆ ಏನು ಅರ್ಥವಾಗಬೇಕು? ಅಂಥ ಹೊತ್ತಿನಲ್ಲಿ ವಾಟ್ಸಾಪ್‌ನ ಲೊಕೇಶನ್ ಕಳಿಸುವ ಸೌಲಭ್ಯ ಮಾಡಿದ ಉಪಕಾರವನ್ನು ನಾನು ಮರೆಯುವುದಿಲ್ಲ. ಗುಡ್ಡದ ಯಾವುದೋ ಮೂಲೆಯಲ್ಲಿ ಒಂದು ಕಡ್ಡಿ ಸಿಗ್ನಲ್ ಸಿಕ್ಕಿದ ಹುಡುಗ ಅಲ್ಲಿಂದ ಕಳಿಸಿದ ಒಂದು ಕೆಂಪು ಗುರುತು ಹತ್ತು ಸಾಲಿನ ವಿವರಣೆಗಿಂತ ಹೆಚ್ಚಿನ ಕೆಲಸ ಮಾಡಿತು.

ಎರಡನೆಯದು ಧ್ವನಿ ಸಂದೇಶ. ನಮ್ಮಲ್ಲಿ ಕೊಡವ ತಕ್ಕ್, ಅರೆಭಾಷೆ, ತುಳು, ಮಲಯಾಳ, ಯರವ ಎಲ್ಲವೂ ಒಂದೇ ಊರಿನಲ್ಲಿ ಕೇಳುತ್ತವೆ. ಅಕ್ಷರ ಟೈಪ್ ಮಾಡಲು ಬಾರದ ಅಜ್ಜಿಯೂ ಗುಂಡಿ ಒತ್ತಿ ತನ್ನ ಭಾಷೆಯಲ್ಲಿ ‘ಇಲ್ಲಿದ್ದೇವೆ, ನೀರು ಏರುತ್ತಿದೆ’ ಎಂದು ಹೇಳಬಲ್ಲಳು. ಮೂರನೆಯದು, ದೂರದ ಮಕ್ಕಳಿಗೆ ಸಿಗುವ ಸಮಾಧಾನ. ಬೆಂಗಳೂರಿನಲ್ಲೋ ಕೊಲ್ಲಿ ದೇಶದಲ್ಲೋ ದುಡಿಯುತ್ತಿರುವ ಮಗನಿಗೆ ‘ಅಮ್ಮ ಕ್ಯಾಂಪಿನಲ್ಲಿದ್ದಾರೆ, ಊಟ ಮಾಡಿದರು’ ಎಂಬ ಸಾಲಿನ ಜೊತೆ ಒಂದು ಫೋಟೊ ಹೋದರೆ ಅವನು ಆ ರಾತ್ರಿ ಮಲಗುತ್ತಾನೆ. ಇಷ್ಟಕ್ಕೇ ಮೂರು ನಕ್ಷತ್ರ ಸಲ್ಲಬೇಕು, ಸಲ್ಲಿಸಿದ್ದೇನೆ.

ಉಳಿದ ಎರಡನ್ನು ಏಕೆ ಹಿಡಿದಿಟ್ಟುಕೊಂಡೆ ಎಂಬುದನ್ನು ಸ್ವಲ್ಪ ವಿವರವಾಗಿ ಹೇಳಬೇಕು.

ಆ ಆಗಸ್ಟ್‌ನಲ್ಲಿ ನಮ್ಮ ಕೇಂದ್ರಕ್ಕೆ ಒಂದು ಸಂದೇಶ ಬಂತು. ಮಕ್ಕಂದೂರು ಕಡೆಯ ಒಂದು ತೋಟದ ಲೈನ್‌ಮನೆಯಲ್ಲಿ (ಕಾರ್ಮಿಕರ ಸಾಲುಮನೆಯಲ್ಲಿ) ಎಂಟು ಜನ ಸಿಕ್ಕಿಕೊಂಡಿದ್ದಾರೆ, ಅವರಲ್ಲಿ ಒಂದು ಕೂಸಿದೆ, ದಯವಿಟ್ಟು ಯಾರಾದರೂ ಹೋಗಿ, ಎಂದು. ಕೆಳಗೆ ಒಂದು ಮೊಬೈಲ್ ನಂಬರ್. ನಾನು ಹಾಜರಿ ಪುಸ್ತಕ ತಿರುವಿದೆ. ಆ ಎಂಟೂ ಜನ ಹಿಂದಿನ ದಿನ ಮಧ್ಯಾಹ್ನವೇ ಬಂದು ನಮ್ಮ ಹಾಲ್‌ನಲ್ಲಿದ್ದರು. ಕೂಸು ಕಂಬಳಿಯ ಮೇಲೆ ನಿದ್ದೆ ಮಾಡುತ್ತಿತ್ತು. ಆದರೆ ಸಂದೇಶ ನಿಲ್ಲಲಿಲ್ಲ. ಮಂಗಳೂರಿನಿಂದ ಬಂತು, ಮೈಸೂರಿನಿಂದ ಬಂತು, ದುಬೈಯಿಂದ ಬಂತು. ಪ್ರತಿ ಸಲವೂ ಅದರ ಪಕ್ಕದಲ್ಲಿ ಆಗಷ್ಟೇ ಬಂದ ಸಮಯ. ಆ ನಂಬರಿನ ಹೆಂಗಸು ಚಾರ್ಜಿಂಗ್ ಪ್ಲಗ್ ಬಳಿ ಸರದಿಯಲ್ಲಿ ನಿಂತು ತುಂಬಿಸಿಕೊಂಡಿದ್ದ ಬ್ಯಾಟರಿಯೆಲ್ಲ ಅಪರಿಚಿತರ ಕರೆಗೆ ಉತ್ತರ ಕೊಟ್ಟೇ ಖಾಲಿಯಾಯಿತು. ‘ಅಕ್ಕಾ, ನಾನು ಇಲ್ಲೇ ಇದ್ದೇನೆ ಎಂದು ಎಷ್ಟು ಜನಕ್ಕೆ ಹೇಳಲಿ? ನನ್ನ ತಮ್ಮನ ಫೋನ್ ಬರುವುದಿದೆ’ ಎಂದು ಅವರು ಕಣ್ಣೀರು ಹಾಕಿದರು. ಕರೆ ಮಾಡಿದ ಒಬ್ಬರ ಮನಸ್ಸಿನಲ್ಲೂ ಕೆಟ್ಟದ್ದಿರಲಿಲ್ಲ. ಎಲ್ಲರೂ ಕರುಣೆಯಿಂದಲೇ ಫಾರ್ವರ್ಡ್ ಮಾಡಿದವರು.

ನನ್ನ ದೂರಿನ ತಿರುಳು ಇದು. ವಾಟ್ಸಾಪ್‌ನಲ್ಲಿ ಒಂದು ಸಂದೇಶವನ್ನು ಫಾರ್ವರ್ಡ್ ಮಾಡಿದಾಗ ಅದನ್ನು ಮೊದಲು ಬರೆದವರು ಯಾರು ಎಂಬುದು ಉದುರಿಹೋಗುತ್ತದೆ, ಯಾವಾಗ ಬರೆದರು ಎಂಬುದೂ ಉದುರಿಹೋಗುತ್ತದೆ. ಕಾಣುವುದು ನಿಮಗೆ ಅದು ತಲುಪಿದ ಹೊತ್ತು ಮಾತ್ರ. ಮದುವೆಯ ಕರೆಯೋಲೆಗೆ ಇದರಿಂದ ನಷ್ಟವಿಲ್ಲ. ಪ್ರಾಣ ಹೋಗುವ ಹೊತ್ತಿನ ಸುದ್ದಿಗೆ ಸಮಯವೇ ಅರ್ಧ ಜೀವ. ‘ಸೇತುವೆ ಮೇಲೆ ನೀರಿದೆ’ ಎಂಬುದು ಬೆಳಿಗ್ಗೆ ಆರಕ್ಕೆ ನಿಜ, ಹನ್ನೊಂದಕ್ಕೆ ಸುಳ್ಳಾಗಬಹುದು, ಸಂಜೆ ನಾಲ್ಕಕ್ಕೆ ಮತ್ತೆ ನಿಜವಾಗಬಹುದು. ಮೂರೂ ಹೊತ್ತಿನ ಸಂದೇಶಗಳು ಒಂದೇ ಗುಂಪಿನಲ್ಲಿ ಹಿಂದುಮುಂದಾಗಿ ಬಂದು ಕುಳಿತರೆ ಹಾಲು ಸಾಗಿಸುವ ವಾಹನದ ಚಾಲಕ ಯಾವುದನ್ನು ನಂಬಬೇಕು?

ಇದಕ್ಕೆ ಇನ್ನೂ ದೊಡ್ಡ ಉದಾಹರಣೆ ಎಲ್ಲರಿಗೂ ಗೊತ್ತಿದೆ. ಅದೇ 2018ರಲ್ಲಿ ಕೊಡಗಿನ ಎರಡಂತಸ್ತಿನ ಮನೆಯೊಂದು ಇಳಿಜಾರಿನಲ್ಲಿ ಹಾಗೆಯೇ ಜಾರಿ ಕುಸಿಯುವ ವಿಡಿಯೊ ದೇಶವೆಲ್ಲ ಸುತ್ತಿತು. ಅದು ನಿಜವಾದ ದೃಶ್ಯ. ಆದರೆ ಆಮೇಲಿನ ಮಳೆಗಾಲಗಳಲ್ಲಿ ಅದೇ ವಿಡಿಯೊ ‘ಈಗಷ್ಟೇ ನಡೆದದ್ದು’ ಎಂಬ ಸಾಲು ಹೊತ್ತು ನನ್ನ ಮೊಬೈಲ್‌ಗೆ ಬಂದಿದೆ. ನಿಜವಾದ ದೃಶ್ಯಕ್ಕೆ ತಪ್ಪು ದಿನ ಅಂಟಿಸಿದರೆ ಹುಟ್ಟುವ ಸುಳ್ಳು ಬಹಳ ಗಟ್ಟಿ. ಕಣ್ಣಾರೆ ಕಾಣುತ್ತಿದೆಯಲ್ಲ ಎನ್ನುತ್ತಾರೆ ಜನ. ಆ ಮನೆಯ ಹತ್ತಿರದ ಸಂಬಂಧಿಕರಿಗೆ ಪ್ರತಿ ಜುಲೈನಲ್ಲೂ ಅದನ್ನು ಹೊಸದಾಗಿ ನೋಡಬೇಕಾಗುವ ಸಂಕಟವನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ.

ನಮ್ಮಲ್ಲಿ ಮಾತ್ರ ಹೀಗೆ ಎಂದೇನಲ್ಲ. 2015ರ ಡಿಸೆಂಬರ್‌ನಲ್ಲಿ ಚೆನ್ನೈ ಮುಳುಗಿದಾಗ ಮೊಸಳೆ ಉದ್ಯಾನದಿಂದ ಮೊಸಳೆಗಳು ತಪ್ಪಿಸಿಕೊಂಡಿವೆ ಎಂದು ಹಬ್ಬಿತು. ಅಲ್ಲಿನವರೇ ಅಲ್ಲಗಳೆಯಬೇಕಾಯಿತು. ನಾಸಾ ಹೇಳಿದೆ ಎಂದು ಅಸಾಧ್ಯ ಪ್ರಮಾಣದ ಮಳೆಯ ಭವಿಷ್ಯವೂ ಸುತ್ತಿತು. ಕೊಡಗು ಕುಸಿದ ಅದೇ ವಾರ ಕೇರಳದಲ್ಲಿ ಮುಲ್ಲಪೆರಿಯಾರ್ ಅಣೆಕಟ್ಟು ಒಡೆದಿದೆ ಎಂಬ ಧ್ವನಿ ಸಂದೇಶ ಹರಿದಾಡಿ, ಮೊದಲೇ ಕಂಗಾಲಾಗಿದ್ದ ಜನರನ್ನು ಮತ್ತಷ್ಟು ಕಂಗೆಡಿಸಿತು. ಸೈನಿಕನ ಸಮವಸ್ತ್ರ ತೊಟ್ಟವನೊಬ್ಬ ರಕ್ಷಣಾ ಕಾರ್ಯದ ಬಗ್ಗೆ ಸುಳ್ಳು ಹೇಳುವ ವಿಡಿಯೊ ಹಬ್ಬಿದಾಗ, ಅವನು ನಮ್ಮವನಲ್ಲ ಎಂದು ಭೂಸೇನೆಯೇ ಹೇಳಿಕೆ ಕೊಡಬೇಕಾಯಿತು. 2024ರ ಜನವರಿ 1ರಂದು ಜಪಾನಿನ ನೋಟೋ ಪರ್ಯಾಯ ದ್ವೀಪದಲ್ಲಿ ಭೂಕಂಪವಾದಾಗ ಎಕ್ಸ್‌ನಲ್ಲಿ (ಹಿಂದಿನ ಟ್ವಿಟರ್) ನಡೆದದ್ದು ಇನ್ನೂ ಹೇಯ: ನೋಟಗಳ ಲೆಕ್ಕದಲ್ಲಿ ಹಣ ಸಿಗುತ್ತದೆಂದು, ಅವಶೇಷದಡಿ ಸಿಕ್ಕಿಕೊಂಡಿದ್ದೇವೆ ಎಂಬ ಸುಳ್ಳು ಮೊರೆಗಳನ್ನು ದೂರದ ದೇಶಗಳಲ್ಲಿ ಕುಳಿತವರೂ ಹಾಕಿದರು. 2011ರ ಸುನಾಮಿಯ ಹಳೆಯ ದೃಶ್ಯಗಳೂ ಹೊಸದಾಗಿ ಬಂದವು. ಸುಳ್ಳು ಮೊರೆಯ ಹಿಂದೆ ಹೋದ ತಂಡ ನಿಜವಾದ ಮೊರೆಗೆ ತಡವಾಗುತ್ತದೆ. ಇದನ್ನು ನೆನೆದರೆ ನನಗೆ ಈಗಲೂ ಮೈ ಉರಿಯುತ್ತದೆ.

ವಾಟ್ಸಾಪ್ ಕಂಪನಿ ಏನೂ ಮಾಡಿಲ್ಲ ಎನ್ನಲಾಗದು. 2018ರ ಜುಲೈನಲ್ಲಿ ಬೀದರ್ ಜಿಲ್ಲೆಯ ಮುರ್ಕಿಯಲ್ಲಿ ಮಕ್ಕಳ ಕಳ್ಳರೆಂಬ ವದಂತಿ ನಂಬಿದ ಗುಂಪು ಒಬ್ಬ ಯುವಕನನ್ನು ಹೊಡೆದು ಕೊಂದಿತು. ದೇಶದ ಬೇರೆ ಕಡೆಗಳಲ್ಲೂ ಇಂಥವು ನಡೆದಿದ್ದವು. ಆ ತಿಂಗಳೇ ಭಾರತದಲ್ಲಿ ಒಂದು ಸಲಕ್ಕೆ ಐದು ಚಾಟ್‌ಗಳಿಗಷ್ಟೇ ಫಾರ್ವರ್ಡ್ ಮಾಡುವ ಮಿತಿ ಪ್ರಕಟವಾಯಿತು, 2019ರಲ್ಲಿ ಅದು ಜಗತ್ತಿಗೆಲ್ಲ ಅನ್ವಯಿಸಿತು. 2020ರಲ್ಲಿ, ಬಹಳ ಸಲ ಫಾರ್ವರ್ಡ್ ಆದ ಸಂದೇಶವನ್ನು ಒಮ್ಮೆಗೆ ಒಂದೇ ಚಾಟ್‌ಗೆ ಕಳಿಸಬಹುದೆಂಬ ನಿಯಮ ಬಂತು. ಅಂಥದ್ದರ ಮೇಲೆ ಜೋಡಿ ಬಾಣದ ಗುರುತು ಕಾಣುತ್ತದೆ. ನಮ್ಮ ಊರಿನ ಗುಂಪಿನಲ್ಲಿ ಜೋಡಿ ಬಾಣದ ಸಂದೇಶವನ್ನು ಮಳೆಗಾಲದಲ್ಲಿ ಹಾಕುವಂತಿಲ್ಲ ಎಂಬ ಕಟ್ಟಳೆಯೇ ಇದೆ. ಒಳ್ಳೆಯ ಹೆಜ್ಜೆಗಳು. ಆದರೆ ಈ ಮಿತಿ ಸುಳ್ಳಿನ ಓಟವನ್ನು ನಿಧಾನ ಮಾಡುತ್ತದೆಯೇ ಹೊರತು, ಮುಗಿದುಹೋದ ಮೊರೆಗೆ ‘ಮುಗಿದಿದೆ’ ಎಂಬ ಮೊಹರು ಹಾಕುವುದಿಲ್ಲ.

ಆ ಮೊಹರು ಹಾಕಬಲ್ಲ ವ್ಯವಸ್ಥೆಗಳು ಬೇರೆ ಕಡೆ ಇವೆ, ಆದ್ದರಿಂದಲೇ ನಾನು ಹೋಲಿಸುತ್ತಿದ್ದೇನೆ. ಫೇಸ್‌ಬುಕ್ 2014ರಲ್ಲಿ ತಂದ ಸೇಫ್ಟಿ ಚೆಕ್‌ನಲ್ಲಿ ‘ನಾನು ಕ್ಷೇಮ’ ಎಂದು ಒಂದು ಗುಂಡಿ ಒತ್ತಿದರೆ ಪರಿಚಯದವರಿಗೆಲ್ಲ ಗೊತ್ತಾಗುತ್ತದೆ. 2015ರ ನೇಪಾಳದ ಭೂಕಂಪದಲ್ಲಿ, ಅದೇ ವರ್ಷ ಚೆನ್ನೈ ಪ್ರವಾಹದಲ್ಲಿ ಅದು ಬಳಕೆಗೆ ಬಂತು. ಒಬ್ಬರಿಗೊಬ್ಬರು ನೂರು ಸಲ ಕರೆ ಮಾಡುವ ಕಾಟ ತಪ್ಪುತ್ತದೆ. ಆದರೆ ನಮ್ಮ ಲೈನ್‌ಮನೆಗಳ ಬಹಳ ಜನ ಫೇಸ್‌ಬುಕ್‌ನಲ್ಲಿ ಇಲ್ಲ. ನನ್ನ ದೃಷ್ಟಿಯಲ್ಲಿ ಇನ್ನೂ ಮೇಲಿನದು 2018ರ ಪ್ರವಾಹದಲ್ಲಿ ಸ್ವಯಂಸೇವಕ ತಂತ್ರಜ್ಞರು ಕೇರಳ ಸರ್ಕಾರದ ಜೊತೆ ಸೇರಿ ಕಟ್ಟಿದ ಕೇರಳ ರೆಸ್ಕ್ಯೂ ಜಾಲತಾಣ. ಸಹಾಯ ಬೇಕಾದವರ ಸ್ಥಳ, ಜನರ ಸಂಖ್ಯೆ, ಬೇಕಾದ ನೆರವು ಇವನ್ನು ಖಾನೆಗಳಲ್ಲಿ ತುಂಬಬೇಕಿತ್ತು. ಸ್ವಯಂಸೇವಕರು ಕರೆ ಮಾಡಿ ವಿಚಾರಿಸಿ ಮುಂದಕ್ಕೆ ದಾಟಿಸುತ್ತಿದ್ದರು. ಒಂದೇ ಮನೆಯ ಮೊರೆ ಹಲವು ಸಲ ದಾಖಲಾಗುವ ತೊಡಕು ಅಲ್ಲೂ ಇತ್ತು. ಆದರೂ ಪ್ರತಿ ಮೊರೆಗೂ ಒಂದು ದಾಖಲೆ ಇತ್ತು. ದಾಖಲೆ ಇದ್ದರೆ ಅದನ್ನು ಮುಗಿಸಬಹುದು. ಹತ್ತು ಸಾವಿರ ಮೊಬೈಲ್‌ಗಳಲ್ಲಿ ಹಂಚಿಹೋದ ಒಂದು ಪ್ಯಾರಾವನ್ನು ಯಾರು ಹೇಗೆ ಮುಗಿಸುತ್ತಾರೆ?

ಪರಿಹಾರ ಸಾಮಗ್ರಿಯ ವಿಷಯದಲ್ಲೂ ಇದೇ ಕಥೆ. ‘ಬಟ್ಟೆ, ಬಿಸ್ಕತ್ತು, ನೀರಿನ ಬಾಟಲಿ ತುರ್ತಾಗಿ ಬೇಕು’ ಎಂಬ ಸಂದೇಶ ಮೊದಲ ದಿನ ನಿಜ. ಅದು ಓಡುತ್ತಲೇ ಇತ್ತು, ಲಾರಿಗಳು ಬರುತ್ತಲೇ ಇದ್ದವು. ಶಾಲೆಯ ಜಗಲಿಯಲ್ಲಿ ಹಳೆ ಬಟ್ಟೆಯ ರಾಶಿ ಕಿಟಕಿಯ ಎತ್ತರಕ್ಕೆ ಬೆಳೆದು, ಇರಚಲಿಗೆ ನೆನೆದು, ಮುಗ್ಗಲು ವಾಸನೆ ಬರತೊಡಗಿತು. ಅದೇ ಹೊತ್ತಿಗೆ ನಮಗೆ ನಿಜಕ್ಕೂ ಬೇಕಾಗಿದ್ದದ್ದು ಹೆಂಗಸರ ಒಳ ಉಡುಪು, ಸ್ಯಾನಿಟರಿ ಪ್ಯಾಡ್, ಬಿಪಿ ಮತ್ತು ಸಕ್ಕರೆ ಕಾಯಿಲೆಯ ಮಾತ್ರೆ, ಒಣ ಕಂಬಳಿ. ಹೊಸ ಪಟ್ಟಿ ಹಾಕಿದೆವು. ಅದು ಹಳೆಯದನ್ನು ಹಿಂದಿಕ್ಕಲೇ ಇಲ್ಲ, ಏಕೆಂದರೆ ಹಳೆಯದರ ಮೇಲೆ ಹಳೆಯದೆಂದು ಬರೆದಿರಲಿಲ್ಲ.

ಈ ಅನುಭವದಿಂದ ನಮ್ಮ ಗುಂಪಿನಲ್ಲಿ ಒಂದು ರೂಢಿ ಬೆಳೆದಿದೆ, ಇದನ್ನು ಬೇರೆ ಊರಿನವರೂ ತೆಗೆದುಕೊಳ್ಳಲಿ ಎಂದು ಬಿಡಿಸಿ ಬರೆಯುತ್ತೇನೆ. ಸಂದೇಶದ ಮೊದಲ ಸಾಲಿನಲ್ಲೇ ದಿನಾಂಕ, ಗಂಟೆ, ಜಾಗ, ಕಣ್ಣಾರೆ ಕಂಡವರು ಯಾರು ಎಂಬುದನ್ನು ಬರೆಯಬೇಕು. ‘ಜುಲೈ 18, ಬೆಳಿಗ್ಗೆ 7.40, ಮಾದಾಪುರ ರಸ್ತೆ, ನಾನೇ ನೋಡಿದ್ದು: ಬರೆ ಜರಿದು ಅರ್ಧ ರಸ್ತೆ ಮುಚ್ಚಿದೆ, ಬೈಕ್ ಹೋಗುತ್ತದೆ, ಜೀಪ್ ಹೋಗುವುದಿಲ್ಲ.’ ಇಂಥ ಸಂದೇಶ ಎಷ್ಟು ಸಲ ಫಾರ್ವರ್ಡ್ ಆದರೂ ಅದರ ಹೊತ್ತು ಅದರೊಳಗೇ ಇರುತ್ತದೆ, ವಾಟ್ಸಾಪ್ ಅದನ್ನು ಕಳಚಲಾರದು. ಫೋಟೊ ಕಳಿಸುವವರೂ ಅಡಿಬರಹದಲ್ಲಿ ಇದನ್ನೇ ಬರೆಯುತ್ತಾರೆ. ಸಮಸ್ಯೆ ತೀರಿದ ಮೇಲೆ ಕಳಿಸಿದವರೇ ಆ ಸಂದೇಶಕ್ಕೆ ಉತ್ತರವಾಗಿ ‘ಮುಗಿಯಿತು’ ಎಂದು ಗಂಟೆಯ ಸಮೇತ ಬರೆಯಬೇಕು. ಆಮೇಲೆ ಅಡ್ಮಿನ್ ಮೂಲ ಸಂದೇಶವನ್ನು ಎಲ್ಲರಿಗೂ ಅಳಿಸುತ್ತಾರೆ. ಮೊದಮೊದಲು ಜನ ಗೊಣಗಿದರು. ‘ಮುಳುಗುವವನು ಗಡಿಯಾರ ನೋಡುತ್ತಾನೆಯೇ ಮೇಡಂ?’ ಎಂದು ಒಬ್ಬ ಹಿರಿಯರು ಕೇಳಿದರು. ಮುಳುಗುವವನು ನೋಡಬೇಕಾಗಿಲ್ಲ, ಅವನು ಕೂಗಿದರೆ ಸಾಕು. ಆ ಕೂಗನ್ನು ಮುಂದಕ್ಕೆ ದಾಟಿಸುವ ನಾವು ದಡದಲ್ಲಿದ್ದೇವೆ, ನಾವು ನೋಡಬೇಕು.

ಸೆಟ್ಟಿಂಗ್‌ಗಳಲ್ಲಿ ಉಪಯೋಗಕ್ಕೆ ಬಂದವು ಕೆಲವಿವೆ. ರೆಡ್ ಅಲರ್ಟ್ ಇರುವ ದಿನ ಅಡ್ಮಿನ್‌ಗಳಷ್ಟೇ ಸಂದೇಶ ಹಾಕುವಂತೆ ಗುಂಪನ್ನು ಬಿಗಿ ಮಾಡುತ್ತೇವೆ. ಶುಭೋದಯದ ಹೂಗಳ ನಡುವೆ ಸೇತುವೆಯ ಸುದ್ದಿ ಹುದುಗಿಹೋಗುವುದು ಇದರಿಂದ ನಿಂತಿದೆ. ಕ್ಯಾಂಪಿನ ಬೇಕುಬೇಡಗಳಿಗೆಂದೇ ಇನ್ನೊಂದು ಗುಂಪು ಮಾಡಿ, 24 ಗಂಟೆಗಳಲ್ಲಿ ಸಂದೇಶ ತಾನಾಗಿ ಅಳಿಯುವಂತೆ ಇಡುತ್ತೇವೆ. ನಿನ್ನೆಯ ಪಟ್ಟಿ ಇಂದು ಕಾಣುವುದೇ ಇಲ್ಲ. ಗುಂಪಿನಿಂದ ಹೊರಗೆ ಈಗಾಗಲೇ ಹೋದ ಪ್ರತಿ ಮಾತ್ರ ಹಾಗೆಯೇ ಉಳಿಯುತ್ತದೆ, ಆ ತೊಡಕಿಗೆ ಮದ್ದಿಲ್ಲ. ಸಂದೇಶವನ್ನು ಮೇಲೆ ಪಿನ್ ಮಾಡುವ ಸೌಲಭ್ಯ ಬಂದ ಮೇಲೆ ಜಿಲ್ಲಾ ತುರ್ತು ಕೇಂದ್ರದ 1077, ತುರ್ತು ಸಹಾಯದ 112 ಮೇಲೆಯೇ ಇರುತ್ತವೆ. ಪ್ರಾಣಕ್ಕೆ ಸಂಚಕಾರ ಬಂದಾಗ ಗುಂಪಿಗೆ ಬರೆದು ಕಾಯಬೇಡಿ, ಮೊದಲು ಈ ನಂಬರ್‌ಗೆ ಕರೆ ಮಾಡಿ.

ಒಂದು ವಿಷಯದಲ್ಲಿ ನಾನು ಯಾರ ಮಾತನ್ನೂ ಕೇಳುವುದಿಲ್ಲ: ಶವದ ಫೋಟೊ. 2024ರ ಜುಲೈನಲ್ಲಿ ಅಂಕೋಲಾದ ಶಿರೂರಿನಲ್ಲಿ ಗುಡ್ಡ ಹೆದ್ದಾರಿಯ ಮೇಲೆ ಕುಸಿಯಿತು, ಎರಡೇ ವಾರದಲ್ಲಿ ವಯನಾಡಿನ ಮುಂಡಕ್ಕೈ, ಚೂರಲ್‌ಮಲದಲ್ಲಿ ಇಡೀ ಊರೇ ಕೊಚ್ಚಿಹೋಯಿತು. ವಯನಾಡು ನಮ್ಮ ನೆರೆಯ ನೆಲ. ಇಲ್ಲಿಂದ ಅಲ್ಲಿಗೆ ಮದುವೆಯಾಗಿ ಹೋದವರಿದ್ದಾರೆ, ಕೆಲಸಕ್ಕೆ ಹೋದವರಿದ್ದಾರೆ. ತಾಯಿಯ ಸಾವನ್ನು ಮಗಳು ಮೊಬೈಲ್ ಪರದೆಯಲ್ಲಿ ತಿಳಿಯಬಾರದು. ಅಂಥ ಚಿತ್ರ ಹಾಕಿದವರನ್ನು ಕಾರಣ ಕೇಳದೆ ಗುಂಪಿನಿಂದ ತೆಗೆಯುತ್ತೇನೆ. ಕ್ಯಾಂಪಿನಲ್ಲಿರುವವರ ಹೆಸರು, ಮೊಬೈಲ್ ನಂಬರಿನ ಪಟ್ಟಿಯನ್ನೂ ಹೊರಗೆ ಬಿಡುವುದಿಲ್ಲ. ಯಾರಾದರೂ ತಮ್ಮವರನ್ನು ಹುಡುಕುತ್ತಿದ್ದರೆ ಅವರು ಹೆಸರು ಹೇಳಲಿ, ನಾವು ಪುಸ್ತಕ ನೋಡಿ ಉತ್ತರ ಕೊಡುತ್ತೇವೆ.

ಇಷ್ಟೆಲ್ಲ ದೂರಿನ ನಡುವೆ, ಈ ಆ್ಯಪ್‌ನ ಅತ್ಯುತ್ತಮ ಬಳಕೆ ಎಲ್ಲಿದೆ ಎಂದು ಕೇಳಿದರೆ ಬೆಳೆಗಾರರ ಮಳೆ ಲೆಕ್ಕದ ಗುಂಪು ಎನ್ನುತ್ತೇನೆ. ಕೊಡಗಿನ ತೋಟದ ಮನೆಗಳಲ್ಲಿ ಮಳೆಮಾಪಕ ಇಡುವುದು ತಲೆಮಾರುಗಳ ವಾಡಿಕೆ. ಲೆಕ್ಕ ಇಂಚು, ಸೆಂಟಿನಲ್ಲಿ (ಇಂಚಿನ ನೂರನೇ ಒಂದು ಭಾಗ). ಬೆಳಿಗ್ಗೆ ಕಾಫಿ ಕುಡಿಯುವ ಮೊದಲೇ ಹಿರಿಯರು ಮಾಪಕದ ನೀರು ಅಳೆದು ಡೈರಿಯಲ್ಲಿ ಬರೆಯುತ್ತಾರೆ, ಈಗ ಗುಂಪಿಗೂ ಹಾಕುತ್ತಾರೆ: ಊರಿನ ಹೆಸರು, ನಿನ್ನೆಯ ಮಳೆ, ವರ್ಷದ ಒಟ್ಟು, ಹೋದ ವರ್ಷ ಇದೇ ದಿನಕ್ಕೆ ಎಷ್ಟು. ಒಂದು ವಿಶೇಷಣವಿಲ್ಲ, ಒಂದು ಉದ್ಗಾರವಿಲ್ಲ. ಹವಾಮಾನ ಇಲಾಖೆ ದಿನಕ್ಕೆ 204.4 ಮಿಲಿಮೀಟರ್ ದಾಟಿದರೆ ಅತಿ ಮೇಲಿನ ವರ್ಗದ ಮಳೆ ಎನ್ನುತ್ತದೆ. ಅದು ನಮ್ಮ ಲೆಕ್ಕದಲ್ಲಿ ಹೆಚ್ಚುಕಡಿಮೆ ಎಂಟು ಇಂಚು. ಮೇಲಿನ ನಾಲ್ಕು ತೋಟಗಳಿಂದ ಎರಡು ದಿನ ಸತತ ಎಂಟರ ಹತ್ತಿರದ ಅಂಕಿ ಬಂದರೆ, ಕೆಳಗಿನ ಲೈನ್‌ಮನೆಯವರನ್ನು ಎಬ್ಬಿಸಿ ಕರೆತರಲು ನಾವು ಇನ್ನೊಬ್ಬರ ಅಪ್ಪಣೆಗೆ ಕಾಯುವುದಿಲ್ಲ. ಹೇಳಿದವರು ಯಾರೆಂದು ಗೊತ್ತು, ಎಲ್ಲಿಂದ ಎಂದು ಗೊತ್ತು, ಎಷ್ಟು ಹೊತ್ತಿಗೆ ಎಂದು ಗೊತ್ತು.

ಈ ಅಂಕಿಗಳನ್ನು ತಾಳೆ ನೋಡಲು ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ ಇದೆ. ರಾಜ್ಯದ ಗ್ರಾಮ ಪಂಚಾಯಿತಿಗಳ ಮಟ್ಟದಲ್ಲಿ ತಾನಾಗಿ ಅಂಕಿ ಕಳಿಸುವ ಮಳೆಮಾಪಕಗಳನ್ನು ಅವರು ಇಟ್ಟಿದ್ದಾರೆ. ವರುಣಮಿತ್ರ ಸಹಾಯವಾಣಿಗೆ ಹಗಲು ರಾತ್ರಿ ಕರೆ ಮಾಡಿ ಕನ್ನಡದಲ್ಲೇ ಕೇಳಬಹುದು. 2022ರ ಜೂನ್, ಜುಲೈನಲ್ಲಿ ಚೆಂಬು, ಸಂಪಾಜೆ, ಸುಳ್ಯದ ಕಡೆ ನೆಲ ಮತ್ತೆ ಮತ್ತೆ ಅಲುಗಿದಾಗ ಕಂಪನದ ಹೊತ್ತು, ತೀವ್ರತೆ, ಕೇಂದ್ರ ಎಲ್ಲಿ ಎಂಬುದನ್ನು ಅವರು ಪ್ರಕಟಿಸುತ್ತಿದ್ದರು. ಅದನ್ನು ನಾನು ಗುಂಪಿಗೆ ಹಾಗೆಯೇ ಹಾಕುತ್ತಿದ್ದೆ. ಅದೇ ವೇಳೆ ‘ಇಂದು ರಾತ್ರಿ ದೊಡ್ಡದು ಬರಲಿದೆ’ ಎಂಬ ಸಂದೇಶಗಳೂ ಬಂದವು. ಗಂಟೆ ಹೇಳಿ ಭೂಕಂಪ ಮುನ್ಸೂಚಿಸುವ ವಿದ್ಯೆ ಜಗತ್ತಿನಲ್ಲಿ ಯಾರ ಬಳಿಯೂ ಇಲ್ಲ ಎಂದು ಬರೆದು ಅವನ್ನು ಅಳಿಸಿದೆ.

ವಾಟ್ಸಾಪ್‌ನ ಕೊನೆಯ ಮಿತಿಯನ್ನು ಹೇಳದಿದ್ದರೆ ಈ ವಿಮರ್ಶೆ ಅಪೂರ್ಣ. ಕರೆಂಟು ಹೋಗಿ, ಟವರಿನ ಬ್ಯಾಟರಿ ಇಳಿದು, ಜನರೇಟರಿಗೆ ಡೀಸೆಲ್ ಒಯ್ಯುವ ರಸ್ತೆಯೂ ಮುಚ್ಚಿದರೆ ಇಂಟರ್ನೆಟ್ ಇಲ್ಲ, ಇಂಟರ್ನೆಟ್ ಇಲ್ಲದೆ ಇದು ಇಲ್ಲ. 2023ರ ಅಕ್ಟೋಬರ್ 12ರಂದು ರಾಜ್ಯದ ಮೊಬೈಲ್‌ಗಳೆಲ್ಲ ಒಮ್ಮೆಗೇ ಜೋರಾಗಿ ಸದ್ದು ಮಾಡಿದ, ಸರ್ಕಾರದ ತುರ್ತು ಎಚ್ಚರಿಕೆಯ ಪರೀಕ್ಷೆ ನೆನಪಿರಬಹುದು. ಆ ಎಚ್ಚರಿಕೆಗೆ ಟವರ್ ಸಾಕು, ಇಂಟರ್ನೆಟ್ ಬೇಡ. ಅದು ಮೇಲಿನಿಂದ ಕೆಳಕ್ಕೆ ಬರುವ ದಾರಿ. ಕೆಳಗಿನಿಂದ ಮೇಲಕ್ಕೆ ಹೇಳಲು ನಮಗೆ ಈಗಲೂ ಸಾದಾ ಕರೆ ಮತ್ತು ಎಸ್ಸೆಮ್ಮೆಸ್ಸೇ ಗತಿ. ಆದ್ದರಿಂದ ಪ್ರತಿ ಓಣಿಯಿಂದ ಒಬ್ಬರ ಸಾದಾ ಕೀಪ್ಯಾಡ್ ಫೋನಿನ ನಂಬರನ್ನು ಗ್ರಂಥಾಲಯದ ಗೋಡೆಗೆ ಅಂಟಿಸಿದ್ದೇವೆ.

ಕಂಪನಿಯವರು ಎರಡು ಸೌಲಭ್ಯ ಕೊಟ್ಟರೆ ನಾನು ಒಂದು ನಕ್ಷತ್ರ ಕೂಡಿಸಲು ಸಿದ್ಧಳಿದ್ದೇನೆ. ಫಾರ್ವರ್ಡ್ ಆದ ಸಂದೇಶದಲ್ಲಿ ಬರೆದವರ ಹೆಸರು ಬೇಡ, ಮೊದಲು ಬರೆದ ದಿನ ಮತ್ತು ಗಂಟೆ ಕಾಣಲಿ. ಹಾಗೆಯೇ ಮೊರೆ ಕಳಿಸಿದವರು ತಮ್ಮ ಕಡೆಯಿಂದ ‘ಮುಗಿಯಿತು’ ಎಂದು ಗುರುತು ಹಾಕಿದರೆ ಅದು ಎಲ್ಲೆಲ್ಲಿಗೆ ಹೋಗಿದೆಯೋ ಅಲ್ಲೆಲ್ಲ ಆ ಗುರುತು ತಲುಪಲಿ. ಅಲ್ಲಿಯವರೆಗೆ ಐದಕ್ಕೆ ಮೂರೇ. ಮುಂದಿನ ಮುಂಗಾರಿಗೆ ಮೊದಲು ನಿಮ್ಮ ಊರಿನ ಗುಂಪಿಗೆ ದಿನಾಂಕ, ಗಂಟೆ, ಜಾಗ, ಕಂಡವರು ಎಂಬ ನಾಲ್ಕು ಖಾನೆಯ ನಮೂನೆಯನ್ನು ಹಾಕಿ ಪಿನ್ ಮಾಡಿಡಿ. ಅದಕ್ಕೆ ಕಂಪನಿಯ ಅಪ್ಪಣೆ ಬೇಕಾಗಿಲ್ಲ.